ಹೊಸ ಕುಂಡಕ್ಕೆ ಹಳೆಯ ಕಳೆ: ಸುಣ್ಣ, ಹಾವಸೆ, ಅನ್ನಭೇದಿ

ನಮ್ಮ ಮನೆ ಮುಂಬೈಯ ಮುಲುಂಡ್‌ನಲ್ಲಿ, ಮೂರನೇ ಮಹಡಿ. ಬಾಲ್ಕನಿ ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ. ಅಷ್ಟರಲ್ಲೇ ಹದಿನೇಳು ಕುಂಡಗಳು. ತಂದ ದಿನ ಎಲ್ಲವೂ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿದ್ದವು. ಈಗ ಮನೆಗೆ ಬಂದವರು, "ಇದನ್ನೆಲ್ಲ ಊರಿಂದ ಹೊತ್ತುಕೊಂಡು ಬಂದ್ರಾ?" ಅಂತ ಕೇಳುತ್ತಾರೆ. ಇಲ್ಲ, ಎಲ್ಲ ಇಲ್ಲೇ ತಂದದ್ದು. ಇಲ್ಲೇ ಹಳತು ಮಾಡಿದ್ದು.

ಕುಂದಾಪುರದ ಕಡೆ ಬೆಳೆದವರಿಗೆ ಹಳೆಯ ಮಣ್ಣು, ಹಳೆಯ ಕಲ್ಲು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬಾವಿಕಟ್ಟೆ, ಕೆಂಪುಕಲ್ಲಿನ ಪಾಗಾರ (ಕಾಂಪೌಂಡ್ ಗೋಡೆ), ತುಳಸಿಕಟ್ಟೆಯ ಬುಡ, ಎಲ್ಲವೂ ಒಂದು ಮಳೆಗಾಲಕ್ಕೆ ಹಸಿರು, ನಾಲ್ಕು ಮಳೆಗಾಲಕ್ಕೆ ಕಪ್ಪು. ಆ ಬಣ್ಣ ನನಗೆ ಇಲ್ಲೂ ಬೇಕಿತ್ತು. ಮೊದಲ ಸಲ ನಾನು ಹಾರ್ಡ್‌ವೇರ್ ಅಂಗಡಿಯಿಂದ ಕಂದು ಬಣ್ಣದ ಡಬ್ಬಿ ತಂದು ಕುಂಡಕ್ಕೆ ಪೂರ್ತಿ ಬಳಿದೆ. ಅದು ಹಳೆಯ ಕುಂಡದ ಹಾಗೆ ಕಾಣಲಿಲ್ಲ, ಬಣ್ಣ ಬಳಿದ ಕುಂಡದ ಹಾಗೇ ಕಾಣುತ್ತಿತ್ತು. ನೀರು, ಉಪ್ಪು, ಮಣ್ಣು, ಮನುಷ್ಯರ ಕೈ ವರ್ಷಗಟ್ಟಲೆ ಎಲ್ಲಿ ಮುಟ್ಟುತ್ತವೋ ಅಲ್ಲಿ ಮಾತ್ರ ನಾವೂ ಮುಟ್ಟಬೇಕು ಅನ್ನೋದು ಆಮೇಲೆ ಗೊತ್ತಾಯಿತು. ಕೆಳಗೆ ಹೇಳಿರುವ ಎಲ್ಲ ವಿಧಾನಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ಮೊದಲು ಒಂದು ಹಳೆಯ ಕುಂಡ ನೋಡಿ

ಸಾಮಾನು ತರೋಕೆ ಮುಂಚೆ ಇದನ್ನು ಮಾಡಿ. ಯಾವ ಹೌಸಿಂಗ್ ಸೊಸೈಟಿಯಲ್ಲೂ ವಾಚ್‌ಮನ್ ಕ್ಯಾಬಿನ್ ಹಿಂದೆ ಹಳೆಯ ಕುಂಡ ಒಂದಾದರೂ ಬಿದ್ದಿರುತ್ತದೆ. ಅದರ ಮುಂದೆ ಐದು ನಿಮಿಷ ಕುಳಿತುಕೊಳ್ಳಿ.

ನಮ್ಮ ಸೊಸೈಟಿಯ ಹಳೆಯ ಕುಂಡ ಹೀಗಿದೆ. ಬಾಯಿಯ ಅಂಚು ಸವೆದು ಮಣ್ಣಿನ ಮೂಲ ಬಣ್ಣವೇ ಕಾಣುತ್ತದೆ. ಕೈ, ಚೊಂಬು, ಪೈಪು ತಾಗುವುದು ಅಲ್ಲೇ. ಅಂಚಿನ ಕೆಳಗಿನ ಮಡಿಕೆಯಲ್ಲಿ ಕಪ್ಪು ಕೊಳೆ ಕೂತಿದೆ, ಅಲ್ಲಿಗೆ ಮಳೆಯೂ ಕೈಯೂ ಹೋಗುವುದಿಲ್ಲ. ನೀರು ತುಂಬಿ ಹರಿದ ಕಡೆ ಮೇಲಿಂದ ಕೆಳಕ್ಕೆ ಎರಡು ಕಪ್ಪು ಗೆರೆ. ಹೊಟ್ಟೆಯ ಮೇಲೆ ಅಲ್ಲಲ್ಲಿ ಬಿಳಿ ಮೋಡದಂಥ ಕಲೆ, ಬುಡದ ಹತ್ತಿರ ಅದೇ ಬಿಳಿ ಸ್ವಲ್ಪ ದಪ್ಪ. ಗೋಡೆ ಕಡೆಗಿರುವ ಮಗ್ಗುಲಲ್ಲಿ ಮಾತ್ರ ಹಸಿರು. ಬಿಸಿಲಿನ ಕಡೆ ಹಸಿರೇ ಇಲ್ಲ.

ಇದರ ಹಿಂದಿನ ಕಾರಣ ಸರಳ. ಮಣ್ಣಿನ ಕುಂಡದ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ. ಒಳಗಿನ ನೀರು ಆ ರಂಧ್ರಗಳ ಮೂಲಕ ಹೊರಗೆ ಬಂದು ಆವಿಯಾಗುತ್ತದೆ. ನೀರಿನಲ್ಲಿ ಮತ್ತು ಗೊಬ್ಬರದಲ್ಲಿ ಕರಗಿದ್ದ ಉಪ್ಪು, ಸುಣ್ಣದ ಅಂಶ ಹೊರಮೈಯಲ್ಲೇ ಉಳಿಯುತ್ತದೆ. ಬಿಳಿ ಕಲೆ ಅಂದರೆ ಅದೇ. ತೇವ ಉಳಿದು ನೆರಳಿರುವ ಕಡೆ ಹಾವಸೆ (ಇಂಗ್ಲಿಷ್‌ನಲ್ಲಿ ಮಾಸ್) ಹತ್ತುತ್ತದೆ.

ಮುಂಬೈ ನೀರು ಬರುವುದು ತುಳಸಿ, ವಿಹಾರ್, ತಾನ್ಸಾ, ಮೋಡಕ್ ಸಾಗರ, ಭಾತ್ಸಾ ಮತ್ತು ಎರಡು ವೈತರಣಾ, ಹೀಗೆ ಏಳು ಜಲಾಶಯಗಳಿಂದ. ಅದು ಮಳೆ ನೀರು, ಗಡಸುತನ ಕಡಿಮೆ. ಹಾಗಾಗಿ ನಲ್ಲಿ ನೀರು ಹಾಕಿದರೆ ಬಿಳಿ ಕಲೆ ತುಂಬಾ ನಿಧಾನವಾಗಿ ಬರುತ್ತದೆ. ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಬೇಗ ಬರುತ್ತದೆ. ಕಾಯೋಕೆ ಆಗದವರಿಗೆ ಸುಣ್ಣ ಇದೆ.

ಕುಂಡ ಆರಿಸುವಾಗ

ಮರಾಠಿಯಲ್ಲಿ ಕುಂಡಕ್ಕೆ "ಕುಂಡೀ" ಅನ್ನುತ್ತಾರೆ. ಊರಿಂದ ಹೊಸದಾಗಿ ಬಂದವರಿಗೆ ಅಂಗಡಿಯಲ್ಲಿ ಹಾಗೆ ಕೇಳೋಕೆ ಸಂಕೋಚ ಆಗುತ್ತದೆ. ಸಂಕೋಚ ಬೇಡ, "ಮಾತೀಚಿ ಕುಂಡೀ" ಅಂತಲೇ ಕೇಳಿ. ಸುಣ್ಣಕ್ಕೆ "ಚುನಾ", ಸಗಣಿಗೆ "ಶೇಣ್", ಮಜ್ಜಿಗೆಗೆ "ತಾಕ್".

ಆಗುವುದಾದರೆ ಧಾರಾವಿಯ ಕುಂಭಾರವಾಡಕ್ಕೆ ಹೋಗಿ. ಸಯನ್ ಸ್ಟೇಷನ್‌ನಲ್ಲಿ ಇಳಿದು 90 ಫೀಟ್ ರೋಡ್ ಕಡೆ ನಡೆದರೆ ಸಾಕು. ಅಲ್ಲಿನ ಕುಂಬಾರರ ಹಿರಿಯರು ಗುಜರಾತಿನ ಸೌರಾಷ್ಟ್ರದಿಂದ ಬಂದವರು. ಮನೆ ಮುಂದೆಯೇ ಭಟ್ಟಿ, ಭಟ್ಟಿಯ ಪಕ್ಕದಲ್ಲೇ ರಾಶಿ ರಾಶಿ ಕುಂಡ. ನರ್ಸರಿಗಿಂತ ಅಲ್ಲಿ ಆಯ್ಕೆ ಜಾಸ್ತಿ. ಮುಖ್ಯವಾಗಿ, ಬಣ್ಣ ಬಳಿಯದ ಕುಂಡ ಸಿಗುತ್ತದೆ.

ಅದು ಯಾಕೆ ಮುಖ್ಯ ಅಂದರೆ, ಅಂಗಡಿಯವರು ಕುಂಡ ಕೆಂಪಗೆ ಕಾಣಲಿ ಅಂತ ಮೇಲೆ ಕೆಮ್ಮಣ್ಣು ಬಳಿದಿರುತ್ತಾರೆ. ಇಲ್ಲಿ ಅದಕ್ಕೆ "ಗೇರೂ" ಅನ್ನುತ್ತಾರೆ. ಕೆಮ್ಮಣ್ಣಾದರೆ ಚಿಂತೆ ಇಲ್ಲ, ತೆಂಗಿನ ನಾರಿನಿಂದ ಉಜ್ಜಿದರೆ ಹೋಗುತ್ತದೆ. ಆದರೆ ಆಯಿಲ್ ಪೇಂಟ್ ಅಥವಾ ವಾರ್ನಿಶ್ ಹೊಡೆದಿದ್ದರೆ ಮೈಯ ರಂಧ್ರ ಮುಚ್ಚಿ ಹೋಗಿರುತ್ತದೆ. ಅದರ ಮೇಲೆ ಸುಣ್ಣವೂ ನಿಲ್ಲದು, ಹಾವಸೆಯೂ ಹತ್ತದು. ಪರೀಕ್ಷೆ ಸುಲಭ: ಬೆರಳಿನಿಂದ ಒಂದು ಹನಿ ನೀರು ಹಚ್ಚಿ. ನಾಲ್ಕೈದು ಸೆಕೆಂಡಿನಲ್ಲಿ ಹೀರಿಕೊಂಡು ಆ ಜಾಗ ಕಪ್ಪಾದರೆ ಕುಂಡ ಒಳ್ಳೆಯದು. ಹನಿ ಹಾಗೇ ಜಾರಿದರೆ ಬಿಟ್ಟುಬಿಡಿ. ಆಮೇಲೆ ಗೆಣ್ಣಿನಿಂದ ಬಡಿದು ನೋಡಿ. ಠಣ್ ಅಂದರೆ ಚೆನ್ನಾಗಿ ಸುಟ್ಟಿದೆ, ಬಿರುಕಿಲ್ಲ. ಡಬ್ ಅಂದರೆ ಎಲ್ಲೋ ಸೀಳಿದೆ.

ಮೊದಲ ದಿನ: ನೆನೆಸುವುದು, ಸವೆಸುವುದು

ಕುಂಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ. ಮೈಯಿಂದ ಸಣ್ಣ ಗುಳ್ಳೆಗಳು ಸರಸರ ಏಳುತ್ತವೆ. ರಂಧ್ರಗಳಲ್ಲಿದ್ದ ಗಾಳಿ ಅದು. ಗುಳ್ಳೆ ನಿಲ್ಲುವವರೆಗೆ ಬಿಡಿ, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಒಣ ಕುಂಡಕ್ಕೆ ಸುಣ್ಣ ಹಚ್ಚಿದರೆ ಅದರ ನೀರನ್ನೆಲ್ಲ ಕುಂಡವೇ ಹೀರಿ, ಸುಣ್ಣ ಪುಡಿಯಾಗಿ ಉದುರುತ್ತದೆ.

ಬೆಳಿಗ್ಗೆ ಒದ್ದೆ ಇರುವಾಗಲೇ 80 ನಂಬರಿನ ಪಾಲಿಶ್ ಪೇಪರ್ ತೆಗೆದುಕೊಂಡು ಬಾಯಿಯ ಅಂಚನ್ನು ಉಜ್ಜಿ. ಸುತ್ತ ಒಂದೇ ಸಮ ಉಜ್ಜಬೇಡಿ. ನೀವು ಕುಂಡ ಎತ್ತುವಾಗ ಎರಡು ಕೈ ಎಲ್ಲಿ ಹಿಡಿಯುತ್ತೀರೋ ಅಲ್ಲಿ ಜಾಸ್ತಿ, ಉಳಿದ ಕಡೆ ಕಡಿಮೆ. ಬುಡದ ಅಂಚಿಗೂ ನೆಲಕ್ಕೆ ತಾಗುವ ಕಡೆ ನಾಲ್ಕು ಸಲ ಎಳೆಯಿರಿ. ಒದ್ದೆಯಲ್ಲಿ ಉಜ್ಜಿದರೆ ಧೂಳು ಏಳುವುದಿಲ್ಲ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಅದಕ್ಕೇ ಒಣ ಕುಂಡ ಉಜ್ಜಬೇಡಿ ಅಂತ ಒತ್ತಿ ಹೇಳುತ್ತಿದ್ದೇನೆ.

ಇನ್ನು ಅಂಚಿನ ಕೆಳಗಿನ ಮಡಿಕೆಯ ಕೊಳೆ. ತೋಟದ ಮಣ್ಣಿಗೆ ಒಂದಿಷ್ಟು ಇದ್ದಿಲ ಪುಡಿ ಸೇರಿಸಿ, ನೀರು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅಂಚಿನ ಕೆಳಗೆ, ಚಿತ್ತಾರದ ಗೀರುಗಳ ಒಳಗೆ ತುಂಬಿ. ಹತ್ತು ನಿಮಿಷ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ಉಬ್ಬಿದ ಕಡೆ ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ನಮಗೆ ಬೇಕಾದ್ದು ಅಷ್ಟೇ.

ಸುಣ್ಣ

ನನಗೆ ಅತಿ ಇಷ್ಟವಾದ ಕೆಲಸ ಇದು. ಇದೊಂದನ್ನೇ ಮಾಡಿದರೂ ಕುಂಡದ ವಯಸ್ಸು ಹತ್ತು ವರ್ಷ ಹೆಚ್ಚಾದ ಹಾಗೆ ಕಾಣುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ನೀರು ಹಾಕಿ ಅರಳಿಸಿದ ಸುಣ್ಣ ಕೇಳಿ. ಒಂದೇ ಒಂದು ಸಣ್ಣ ಕುಂಡ ಇದ್ದರೆ ಎಲೆ ಅಡಿಕೆಯ ಸುಣ್ಣವೇ ಸಾಕು, ಪಾನ್ ಅಂಗಡಿಯಲ್ಲಿ ಸಿಗುತ್ತದೆ. ಅರಳಿಸದ ಸುಣ್ಣದ ಹರಳನ್ನು ಮನೆಗೆ ತರಲೇಬೇಡಿ. ಅದಕ್ಕೆ ನೀರು ತಾಗಿದರೆ ಕೊತಕೊತ ಕುದಿಯುತ್ತದೆ, ಮೈಮೇಲೆ ಸಿಡಿದರೆ ಸುಡುತ್ತದೆ. ಅರಳಿದ ಸುಣ್ಣವೂ ಚರ್ಮವನ್ನು ತಿನ್ನುತ್ತದೆ. ರಬ್ಬರ್ ಗ್ಲೌಸ್ ಹಾಕಿ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಬಾಲ್ಕನಿಗೆ ಬರದ ಹೊತ್ತು ನೋಡಿ ಶುರು ಮಾಡಿ.

ಒಂದು ಲೋಟ ಸುಣ್ಣಕ್ಕೆ ಎರಡು ಲೋಟ ನೀರು. ಬಟ್ಟೆಯಲ್ಲಿ ಸೋಸಿದರೆ ಗಂಟು ಬರುವುದಿಲ್ಲ. ಅದಕ್ಕೆ ಅರ್ಧ ಚಮಚ ತೋಟದ ಮಣ್ಣು ಸೇರಿಸಿ. ಬರೀ ಸುಣ್ಣ ತೀರಾ ಬೆಳ್ಳಗೆ ಕಾಣುತ್ತದೆ, ಮಣ್ಣು ಆ ಬಿಳಿಯನ್ನು ಸ್ವಲ್ಪ ಮಂಕು ಮಾಡುತ್ತದೆ.

ಕುಂಡ ಒದ್ದೆಯಾಗಿಯೇ ಇರಲಿ, ಆದರೆ ನೀರು ತೊಟ್ಟಿಕ್ಕಬಾರದು. ಹಳೆಯ ಸ್ಪಂಜಿನ ತುಂಡನ್ನು ಸುಣ್ಣದಲ್ಲಿ ಅದ್ದಿ, ಹಿಂಡಿ, ಹೊಟ್ಟೆಯ ಮೇಲೆ ಅಲ್ಲಲ್ಲಿ ಒತ್ತಿ. ಬುಡದ ಹತ್ತಿರ ಸ್ವಲ್ಪ ಜಾಸ್ತಿ ಒತ್ತಿ. ಬಾಯಿಯ ಸವೆದ ಅಂಚಿಗೆ ಹಚ್ಚಬೇಡಿ. ಕುಂಡದ ಒಳಗೂ ಬೇಡ, ಬೇರಿಗೆ ಸುಣ್ಣ ಆಗದ ಗಿಡಗಳು ಬಹಳ ಇವೆ.

ಇಲ್ಲಿ ಒಂದು ವಿಷಯ ನೆನಪಿಡಿ. ಸುಣ್ಣ ಒದ್ದೆ ಇರುವಾಗ ಬಹುತೇಕ ಕಾಣುವುದೇ ಇಲ್ಲ. ನೀರಿನ ಹಾಗೆ ಪಾರದರ್ಶಕ. ಒಣಗುತ್ತಾ ಬಂದ ಹಾಗೆ ಬಿಳಿ ಏರುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಮೊದಲ ಸಲ "ಏನೂ ಹತ್ತಿಲ್ವಲ್ಲ" ಅಂತ ಮೂರು ಸಲ ಬಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಕುಂಡ ರಸ್ತೆ ಬದಿಯ ಮರದ ಬುಡಕ್ಕೆ ಸುಣ್ಣ ಹೊಡೆದ ಹಾಗೆ ಬೆಳ್ಳಗೆ ನಿಂತಿತ್ತು. ಅರ್ಧ ಭಾನುವಾರ ಅದನ್ನು ಉಜ್ಜುವುದರಲ್ಲೇ ಹೋಯಿತು. ಆದ್ದರಿಂದ ಒಂದು ಸಲ ಹಚ್ಚಿ, ನಿಲ್ಲಿಸಿ, ನಾಳೆ ನೋಡಿ.

ಹಚ್ಚಿದ ಮೇಲೆ ಬಿಸಿಲಿಗೆ ಇಡಬಾರದು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಅದಕ್ಕೆ ತೇವ ಬೇಕು. ಏಪ್ರಿಲ್, ಮೇ ಬಿಸಿಲಿನಲ್ಲಿ ಒಂದೇ ಗಂಟೆಗೆ ಒಣಗಿಬಿಟ್ಟರೆ ಗಟ್ಟಿಯಾಗುವ ಅವಕಾಶವೇ ಇರುವುದಿಲ್ಲ. ಬೆರಳು ಸವರಿದರೆ ಪುಡಿ ಬರುತ್ತದೆ. ಸಂಜೆ ಹೊತ್ತು ಹಚ್ಚಿ, ಮೇಲೆ ಒದ್ದೆ ಗೋಣಿಚೀಲ ಸಡಿಲವಾಗಿ ಹೊದಿಸಿ. ಮೂರು ದಿನ, ದಿನಕ್ಕೆ ಎರಡು ಸಲ ನೀರು ಚಿಮುಕಿಸಿ.

ನಾಲ್ಕನೇ ದಿನ 220 ನಂಬರಿನ ನಯವಾದ ಪೇಪರ್ ಒದ್ದೆ ಮಾಡಿಕೊಂಡು ಮೆಲ್ಲಗೆ ಉಜ್ಜಿ. ಉಬ್ಬಿದ ಕಡೆ ಕೆಂಪು ಹೊರಗೆ ಬರುತ್ತದೆ, ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ಪ್ರತಿ ಎರಡು ನಿಮಿಷಕ್ಕೆ ಆರು ಹೆಜ್ಜೆ ಹಿಂದೆ ಸರಿದು ನೋಡಿ. ಹತ್ತಿರದಿಂದ ಸರಿ ಕಂಡದ್ದು ದೂರದಿಂದ ಚುಕ್ಕಿ ಚುಕ್ಕಿಯಾಗಿ ಕಾಣಬಹುದು. ಚುಕ್ಕಿ ಕಂಡರೆ ಅವುಗಳ ನಡುವೆ ಒದ್ದೆ ಬಟ್ಟೆ ಎಳೆದು ಒಂದಕ್ಕೊಂದು ಸೇರಿಸಿ.

ಹಾವಸೆ

ಹಾವಸೆಗೆ ಕಾಲ ಬೇಕು. ಮುಂಬೈಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಜುಲೈಯಲ್ಲಿ ಮಳೆ ಅತಿ ಹೆಚ್ಚು. ಹಾಗಾಗಿ ನನ್ನ ಲೆಕ್ಕ ಹೀಗೆ: ಸುಣ್ಣದ ಕೆಲಸ ಏಪ್ರಿಲ್ ಕೊನೆಗೆ, ಹಾವಸೆ ಜೂನ್ ಎರಡನೇ ವಾರಕ್ಕೆ. ನಡುವೆ ಒಂದು ತಿಂಗಳು ಇರಲೇಬೇಕು. ಹಸಿ ಸುಣ್ಣದ ಕ್ಷಾರಕ್ಕೆ ಹಾವಸೆ ಸತ್ತುಹೋಗುತ್ತದೆ. ಸುಣ್ಣ ಪೂರ್ತಿ ಗಟ್ಟಿಯಾಗಿ ಎರಡು ಮೂರು ಮಳೆ ಕಂಡ ಮೇಲೆ ತೊಂದರೆ ಇಲ್ಲ.

ಬೀಜದ ಹಾವಸೆಯನ್ನು ನಿಮ್ಮ ಸೊಸೈಟಿಯ ಕಾಂಪೌಂಡ್ ಗೋಡೆಯಿಂದಲೇ ತೆಗೆದುಕೊಳ್ಳಿ. ಪೈಪು ಸೋರುವ ಕಡೆ, ಉತ್ತರಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ ವೆಲ್ವೆಟ್ ಹಾಗೆ ಮೆತ್ತಗೆ ಬೆಳೆದಿರುತ್ತದೆ. ಹಳೆಯ ಚಾಕುವಿನಿಂದ ಹೆಬ್ಬೆರಳಗಲದ ನಾಲ್ಕೈದು ತುಂಡು ಸಾಕು. ಜಾರುವ, ಲೋಳೆಯಂಥ ಪಾಚಿ ಬೇಡ, ಅದು ಬೇರೆಯೇ. ನಮ್ಮ ಮುಲುಂಡ್‌ನವರಿಗೆ ಹಿಂದೆಯೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು ಇದೆ, ಅಲ್ಲಿ ಬೇಕಾದಷ್ಟು ಹಾವಸೆ ಇದೆ. ಅಲ್ಲಿಂದ ಒಂದು ಎಲೆಯನ್ನೂ ತರಬಾರದು. ಕಾನೂನೂ ಬಿಡುವುದಿಲ್ಲ, ನಮ್ಮ ಮನಸ್ಸೂ ಬಿಡಬಾರದು. ಗೋಡೆಯ ಹಾವಸೆಯೇ ಒಳ್ಳೆಯದು, ಅದು ಈಗಾಗಲೇ ಸಿಮೆಂಟಿಗೆ, ನಗರದ ಗಾಳಿಗೆ ಒಗ್ಗಿಕೊಂಡಿದೆ.

ಹಾವಸೆಗೆ ಬೇರಿಲ್ಲ. ಮುರಿದ ಸಣ್ಣ ಚೂರಿನಿಂದಲೂ ಮತ್ತೆ ಚಿಗುರುತ್ತದೆ. ಅದಕ್ಕೇ ಅದನ್ನು ಪುಡಿ ಮಾಡಿ ಹಚ್ಚುವುದು. ಮಣ್ಣು ತೊಳೆದು, ಕೈಯಲ್ಲೇ ಚೂರು ಮಾಡಿ. ಮಿಕ್ಸಿಯಲ್ಲಿ ಹಾಕುವುದಾದರೆ ಎರಡೇ ಸಲ ಗಿರ್ ಅನ್ನಿಸಿ, ನುಣ್ಣಗೆ ಅರೆದರೆ ಚಟ್ನಿಯಾಗುತ್ತದೆ, ಬೆಳೆಯುವುದಿಲ್ಲ.

ಅಂಟಿಸೋಕೆ ಏನು ಬಳಸಬೇಕು? ಎಲ್ಲರೂ ಹೇಳುವುದು ಮಜ್ಜಿಗೆ ಅಥವಾ ಮೊಸರು. ನಾನೂ ಮೊದಲ ವರ್ಷ ಅದನ್ನೇ ಮಾಡಿದೆ. ಮೂರನೇ ದಿನ ಬೂದು ಬಣ್ಣದ ಬೂಸ್ಟು ಬಂತು, ಇರುವೆ ಬಂತು, ಜಿರಳೆಯೂ ಬಂತು. ಒಂದು ರಾತ್ರಿಯ ಮಳೆಗೆ ಆ ಮಜ್ಜಿಗೆ ಇಳಿದು ಕೆಳಗಿನ ಮನೆಯ ಆಂಟಿ ಒಣಗಲು ಹಾಕಿದ್ದ ಬೆಡ್‌ಶೀಟ್ ಮೇಲೆ ಸೋರಿತು. ಅವರು ಏನೂ ಅನ್ನಲಿಲ್ಲ, ಆದರೆ ಹುಳಿ ವಾಸನೆಯ ಆ ಬೆಡ್‌ಶೀಟನ್ನು ನಾನೇ ಒಗೆದುಕೊಟ್ಟೆ. ಅಂದಿನಿಂದ ನಾನು ಮಜ್ಜಿಗೆ ಬಿಟ್ಟು ಸಗಣಿ ನೀರು ಬಳಸುತ್ತೇನೆ. ಒಂದು ಮುಷ್ಟಿ ಸಗಣಿಗೆ ಎರಡು ಲೋಟ ನೀರು, ಸೋಸಿ, ಅದಕ್ಕೆ ಒಂದು ಹಿಡಿ ಜೇಡಿಮಣ್ಣು. ಒಣಗಿದ ಮೇಲೆ ವಾಸನೆ ಇರುವುದಿಲ್ಲ, ಮೈಗೆ ಗಟ್ಟಿಯಾಗಿ ಹಿಡಿಯುತ್ತದೆ. ಸಗಣಿ ಸಿಗದವರು ಎರೆಗೊಬ್ಬರವನ್ನು ಅಕ್ಕಿ ತೊಳೆದ ನೀರಿನಲ್ಲಿ ಕಲಸಿಕೊಳ್ಳಿ. ಮಜ್ಜಿಗೆಯೇ ಬೇಕು ಅನ್ನುವವರು ಉಪ್ಪು ಹಾಕದ, ಚೆನ್ನಾಗಿ ನೀರು ಬೆರೆಸಿದ ಮಜ್ಜಿಗೆ ಬಳಸಿ. ಉಪ್ಪು ಬಿದ್ದರೆ ಹಾವಸೆ ಬರುವುದೇ ಇಲ್ಲ.

ಈ ರಾಡಿಗೆ ಹಾವಸೆ ಚೂರು ಬೆರೆಸಿ, ನೆನೆಸಿದ ಕುಂಡದ ಒಂದು ಮಗ್ಗುಲಿಗೆ ಮಾತ್ರ ಹಚ್ಚಿ. ಗೋಡೆ ಕಡೆ ಬರುವ ಮಗ್ಗುಲು. ಹರಿದ ಅಂಚಿನ ಹಾಗೆ ಕೈಬಿಡಿ, ಗೆರೆ ಎಳೆದ ಹಾಗೆ ನಿಲ್ಲಿಸಬೇಡಿ. ಕುಂಡದಲ್ಲಿ ಒದ್ದೆ ಮಣ್ಣು ತುಂಬಿ ಇಡಿ, ಗೋಡೆಯ ಮೂಲಕ ತೇವ ಒಳಗಿನಿಂದ ಬರುತ್ತಿರುತ್ತದೆ. ಹಾವಸೆಗೆ ಮೇಲಿನ ನೀರಿಗಿಂತ ಈ ಒಳಗಿನ ತೇವವೇ ದೊಡ್ಡ ಆಸರೆ. ನೆರಳಿನಲ್ಲಿಟ್ಟು, ಮೊದಲ ಎರಡು ವಾರ ತೆಳು ಪ್ಲಾಸ್ಟಿಕ್ ಸಡಿಲವಾಗಿ ಹೊದಿಸಿ. ಬೆಳಿಗ್ಗೆ ಸಂಜೆ ಸ್ಪ್ರೇ ಮಾಡಿ. ಮಳೆ ನೀರು ಹಿಡಿದಿಟ್ಟುಕೊಂಡರೆ ಅದೇ ಉತ್ತಮ. ನಲ್ಲಿ ನೀರಾದರೆ ಬಾಯಿ ತೆರೆದ ಬಕೆಟಿನಲ್ಲಿ ರಾತ್ರಿಯಿಡೀ ಇಟ್ಟು ಕ್ಲೋರಿನ್ ಹೋದ ಮೇಲೆ ಬಳಸಿ.

ಮೂರು ವಾರ ಏನೂ ಆಗುವುದಿಲ್ಲ. ಕುಂಡ ಸುಮ್ನೆ ಕೊಳೆಯಾಗಿ ಕಾಣುತ್ತದೆ. ತೊಳೆದುಬಿಡೋಣ ಅನ್ನಿಸುತ್ತದೆ, ತೊಳೆಯಬೇಡಿ. ನಾಲ್ಕನೇ ವಾರ ಹತ್ತಿರ ಬಗ್ಗಿ ನೋಡಿದರೆ ಸಾಸಿವೆ ಕಾಳಿಗಿಂತ ಸಣ್ಣ ಹಸಿರು ಚುಕ್ಕಿಗಳು ಕಾಣುತ್ತವೆ. ಆರನೇ ವಾರಕ್ಕೆ ಅವು ಒಂದಕ್ಕೊಂದು ಕೂಡುತ್ತವೆ.

ಕುಂಡದ ಕೆಳಗಿನ ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಬಾರದು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ತಟ್ಟೆ ಚೆಲ್ಲಿ ಉಜ್ಜಿ. ಮಳೆಗಾಲದಲ್ಲಿ ಪಾಲಿಕೆಯವರು ಇದನ್ನೇ ನೋಡಲು ಮನೆಮನೆಗೆ ಬರುತ್ತಾರೆ.

ಸಿಮೆಂಟ್ ಕುಂಡಕ್ಕೆ ಅನ್ನಭೇದಿ

ಸಿಮೆಂಟ್ ಕುಂಡದ ಬೂದು ಬಣ್ಣ ನೋಡಿ ಬೇಜಾರಾದವರಿಗೆ ಇದು. ಅನ್ನಭೇದಿ ಅಂದರೆ ಫೆರಸ್ ಸಲ್ಫೇಟ್. ತಿಳಿ ಹಸಿರು ಹರಳು, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಇಲ್ಲಿ "ಹಿರಾಕಸ್" ಅಂತಲೂ ಕೇಳಬಹುದು. ಕಬ್ಬಿಣದ ಕೊರತೆಯಿಂದ ಎಲೆ ಹಳದಿಯಾದಾಗ ಗಿಡಕ್ಕೆ ಹಾಕುವುದೂ ಇದನ್ನೇ.

ಒಂದು ಲೀಟರ್ ನೀರಿಗೆ 50 ಗ್ರಾಂ ಕರಗಿಸಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾಡಿ. ಕುಂಡವನ್ನು ಸ್ವಲ್ಪ ಒದ್ದೆ ಮಾಡಿ, ಬ್ರಷ್‌ನಿಂದ ಅಡ್ಡಾದಿಡ್ಡಿ ಹಚ್ಚಿ. ಹಚ್ಚುವಾಗ ಹಸಿರು ನೀರು. ಒಂದು ಗಂಟೆಗೆ ಹಳದಿ ಏರುತ್ತದೆ. ಮರುದಿನ ಬೆಳಿಗ್ಗೆ ತುಕ್ಕಿನ ಕಂದು. ಸಿಮೆಂಟಿನಲ್ಲಿರುವ ಸುಣ್ಣ ಅನ್ನಭೇದಿಯ ಕಬ್ಬಿಣವನ್ನು ಹಿಡಿದು ನಿಲ್ಲಿಸುತ್ತದೆ, ಗಾಳಿ ತಾಗಿ ಅದು ತುಕ್ಕಾಗುತ್ತದೆ. ಸುಣ್ಣ ಹೆಚ್ಚಿದ್ದ ಕಡೆ ಗಾಢ, ಕಡಿಮೆ ಇದ್ದ ಕಡೆ ತಿಳಿ. ಒಂದೇ ಸಮ ಬರುವುದಿಲ್ಲ, ಬರಲೂಬಾರದು.

ಮೊದಲ ಸಲ ಈ ಬಣ್ಣ ನೋಡಿದಾಗ ನಾನು ತುಂಬಾ ಹೊತ್ತು ಅಲ್ಲೇ ಕುಳಿತಿದ್ದೆ. ನಮ್ಮ ಪಾಗಾರದ ಬಣ್ಣ ಅದು. ಕೆಂಪುಕಲ್ಲಿಗೆ ಕೆಂಪು ಬರುವುದೂ ಕಬ್ಬಿಣದ ಆಕ್ಸೈಡಿನಿಂದಲೇ. ಬಾಲ್ಕನಿಯಲ್ಲಿ ಕುಳಿತು ಅದೇ ಕಬ್ಬಿಣದಿಂದ ಅದೇ ಬಣ್ಣ ಬಂದಿತ್ತು.

ಎಚ್ಚರಿಕೆ: ಈ ನೀರು ನೆಲಕ್ಕೆ, ಟೈಲ್ಸ್ ಸಂದಿಗೆ, ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ. ದಪ್ಪ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಪೇಪರ್ ಹಾಸಿ ಮಾಡಿ. ಮಳೆ ಬೀಳುವ ದಿನ ಮಾಡಬೇಡಿ.

ಹೊಸ ಸಿಮೆಂಟ್ ಕುಂಡದಲ್ಲಿ ಕೂಡಲೇ ಗಿಡ ನೆಡಬಾರದು. ಸಿಮೆಂಟಿನ ಕ್ಷಾರ ಬೇರನ್ನು ಸುಡುತ್ತದೆ. ಮೊದಲು ಅನ್ನಭೇದಿ ಹಚ್ಚಿ, ಬಣ್ಣ ನಿಂತ ಮೇಲೆ ತೂತು ಮುಚ್ಚಿ ನೀರು ತುಂಬಿ. ಮೂರು ದಿನಕ್ಕೊಮ್ಮೆ ನೀರು ಬದಲಿಸುತ್ತಾ ಮೂರು ವಾರ ಬಿಡಿ. ಆಮೇಲೆ ಗಿಡವೂ ಬರುತ್ತದೆ, ಹಾವಸೆಯೂ ಬರುತ್ತದೆ.

ಸುಣ್ಣ ಹಚ್ಚಿದ ಮಣ್ಣಿನ ಕುಂಡದ ಮೇಲೂ ಅನ್ನಭೇದಿ ಆಗುತ್ತದೆ. ಆಗ ನೀರು ಇನ್ನೂ ತೆಳು ಇರಲಿ, ಲೀಟರಿಗೆ 10 ಗ್ರಾಂ ಸಾಕು. ಹಳೆಯ ಮನೆಗಳ ಗೋಡೆಯಲ್ಲಿ ಕಾಣುವ ಆ ಹಳದಿ ಬರುತ್ತದೆ. ಸುಣ್ಣ ಇಲ್ಲದ ಬರೀ ಮಣ್ಣಿಗೆ ಹಚ್ಚಿದರೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

ಹೋಟೆಲಿನ ಎಣ್ಣೆ ಡಬ್ಬಿ

ಮುಂಬೈಯ ಚಾಳ್‌ಗಳಲ್ಲಿ (ಹಳೆಯ ಸಾಲುಮನೆಗಳಲ್ಲಿ) ತುಳಸಿ ಬೆಳೆದದ್ದೇ ಎಣ್ಣೆ ಡಬ್ಬಿಯಲ್ಲಿ. ಹದಿನೈದು ಲೀಟರಿನ ಚೌಕ ಡಬ್ಬಿ. ನಮ್ಮವರ ಉಡುಪಿ ಹೋಟೆಲುಗಳಲ್ಲಿ ಕೇಳಿದರೆ ಈಗಲೂ ಸಿಗುತ್ತದೆ. ಇದಕ್ಕೆ ತುಕ್ಕಿನ ಕಳೆ ಬಹಳ ಒಪ್ಪುತ್ತದೆ.

ಡಬ್ಬಿಯನ್ನು ಬಿಸಿನೀರು, ಸೋಡಾ ಹಾಕಿ ಎಣ್ಣೆ ಜಿಡ್ಡು ಪೂರ್ತಿ ಹೋಗುವ ತನಕ ತೊಳೆಯಿರಿ. ಕತ್ತರಿಸಿದ ಅಂಚನ್ನು ಒಳಗೆ ಮಡಚಿ ಬಡಿಯಿರಿ, ಕೈ ಕೊಯ್ಯುತ್ತದೆ. ಬುಡಕ್ಕೆ ಐದಾರು ತೂತು ಹೊಡೆಯಿರಿ. ತಗಡಿನ ಮೇಲೆ ತವರದ ಹೊಳಪು ಲೇಪ ಇರುತ್ತದೆ. ಅದನ್ನು 80 ನಂಬರಿನ ಪೇಪರಿನಿಂದ ಅಲ್ಲಲ್ಲಿ ಗೀಚಿ ತೆಗೆಯಬೇಕು. ಗೀಚಿದ ಕಡೆ ಮಾತ್ರ ತುಕ್ಕು ಬರುತ್ತದೆ. ಮೂಲೆ, ಅಂಚು, ಬುಡ ಗೀಚಿ, ನಡುವೆ ಬಿಟ್ಟುಬಿಡಿ.

ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ (3 ಶೇಕಡದ್ದು) ಎರಡು ಲೋಟ, ವಿನೆಗರ್ ಕಾಲು ಲೋಟ, ಉಪ್ಪು ಅರ್ಧ ದೊಡ್ಡ ಚಮಚ. ಬಾಟಲಿಯ ಮೇಲೆ 6 ಶೇಕಡ ಅಂತ ಇದ್ದರೆ ಸಮ ನೀರು ಬೆರೆಸಿಕೊಳ್ಳಿ. ತೆರೆದ ಜಾಗದಲ್ಲಿ, ಗ್ಲೌಸ್ ಹಾಕಿ, ಬ್ರಷ್‌ನಿಂದ ಹಚ್ಚಿ. ಕೆಲವೇ ನಿಮಿಷದಲ್ಲಿ ನೊರೆ ಬಂದು ಕಿತ್ತಳೆ ತುಕ್ಕು ಕಾಣುತ್ತದೆ. ಉಳಿದದ್ದನ್ನು ಮುಚ್ಚಳ ಹಾಕಿದ ಬಾಟಲಿಯಲ್ಲಿ ಇಡಬೇಡಿ, ಒಳಗೆ ಒತ್ತಡ ಏರಿ ಸಿಡಿಯಬಹುದು. ಬ್ಲೀಚ್ ಅನ್ನು ಇದರ ಹತ್ತಿರಕ್ಕೂ ತರಬೇಡಿ. ವಿನೆಗರ್ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ.

ಬೇಕಾದಷ್ಟು ತುಕ್ಕು ಬಂದ ಮೇಲೆ ತೊಳೆದು, ಒಣಗಿಸಿ, ಹೊಳಪಿಲ್ಲದ ಕ್ಲಿಯರ್ ವಾರ್ನಿಶ್ ಒಂದು ಕೋಟ್ ಹೊಡೆಯಿರಿ. ಇಲ್ಲದಿದ್ದರೆ ಈ ಊರಿನ ಗಾಳಿಗೆ ತುಕ್ಕು ತಗಡನ್ನೇ ತಿಂದುಹಾಕುತ್ತದೆ. ನಾನಂತೂ ಡಬ್ಬಿಯೊಳಗೆ ಪ್ಲಾಸ್ಟಿಕ್ ಕುಂಡ ಇಳಿಸಿ ಅದರಲ್ಲೇ ಗಿಡ ನೆಡುತ್ತೇನೆ.

ಪ್ಲಾಸ್ಟಿಕ್ ಕುಂಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೇಪರಿನಿಂದ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಹಾಕಿ, ಅಕ್ರಿಲಿಕ್ ಬಣ್ಣಕ್ಕೆ ಅಡಿಗೆ ಸೋಡಾ ಬೆರೆಸಿ ಹಚ್ಚಿದರೆ ಮಣ್ಣಿನ ಒರಟು ಬರುತ್ತದೆ. ಒಣಗಿದ ಮೇಲೆ ತೆಳು ಕಪ್ಪು ಬಣ್ಣ ಬಳಿದು ಕೂಡಲೇ ಒರೆಸಿದರೆ ತಗ್ಗಿನಲ್ಲಿ ಕೊಳೆಯ ಛಾಯೆ ಉಳಿಯುತ್ತದೆ. ಗ್ರಿಲ್ ಮೇಲೆ ಭಾರ ಹಾಕಲಾಗದವರಿಗೆ ಅದು ಸರಿ. ಆದರೆ ಪ್ರೈಮರ್ ಬಿಟ್ಟರೆ ಒಂದೇ ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ.

ಪುಣೆ, ಗೋವಾದವರಿಗೆ

ನನ್ನ ತಂಗಿ ಪುಣೆಯ ಕೊಥ್ರೂಡ್‌ನಲ್ಲಿದ್ದಾಳೆ. ಅಲ್ಲಿ ಮಳೆ ಮುಂಬೈಯಷ್ಟಿಲ್ಲ, ಗಾಳಿ ಒಣ. ಎರಡು ವರ್ಷ ಹಾವಸೆಗೆ ಕಷ್ಟಪಟ್ಟು ಬಿಟ್ಟುಬಿಟ್ಟಳು. ಈಗ ಸುಣ್ಣ ಮತ್ತು ಅನ್ನಭೇದಿಯಲ್ಲೇ ಸೊಗಸಾಗಿ ಮಾಡುತ್ತಾಳೆ, ಅಲ್ಲಿಗೆ ಅದೇ ಸರಿ. ಗೋವಾದಲ್ಲಿ ಇರುವವರಿಗೆ ನಾನು ಹೇಳುವುದು ಇಷ್ಟೇ: ಅಂಚು ಸವೆಸಿ, ಸಗಣಿ ನೀರು ಹಚ್ಚಿ, ಜೂನ್‌ನಲ್ಲಿ ಮರದ ಕೆಳಗೆ ನೆಲದ ಮೇಲೆ ಇಡಿ. ಉಳಿದದ್ದನ್ನು ಮಳೆ ಮಾಡುತ್ತದೆ, ಅಲ್ಲಿನ ಕೆಂಪುಕಲ್ಲಿನ ಗೋಡೆಗಳನ್ನು ನೋಡಿಲ್ವಾ?

ಮಳೆ ನಿಂತ ಮೇಲೆ

ಅಕ್ಟೋಬರ್ ಬಿಸಿಲಿಗೆ ಹಾವಸೆ ಕಂದಾಗಿ ಮುದುಡುತ್ತದೆ. ಸತ್ತಿತು ಅಂದುಕೊಳ್ಳಬೇಡಿ. ಒಣಗಿ ಮಲಗಿರುತ್ತದೆ, ನೀರು ತಾಗಿದರೆ ಮತ್ತೆ ಹಸಿರಾಗುತ್ತದೆ. ಹಾವಸೆಯ ಮಗ್ಗುಲನ್ನು ಗೋಡೆಗೆ ತಿರುಗಿಸಿ, ವಾರಕ್ಕೆರಡು ಸಲ ಸ್ಪ್ರೇ ಮಾಡಿ. ಆ ಕುಂಡದಲ್ಲಿ ಫರ್ನ್, ಮನಿಪ್ಲಾಂಟ್‌ನಂಥ ನೆರಳಿನ ಗಿಡ ಇರಲಿ. ಬಿಸಿಲು ಬೇಡುವ ದಾಸವಾಳ, ತುಳಸಿಗೆ ಸುಣ್ಣದ ಕುಂಡವೇ ಸರಿ.

ಇನ್ನೊಂದು ವಿಷಯ. ದೀಪಾವಳಿಗೆ ಮನೆ ತೊಳೆಯುವ ಹೊತ್ತಿನಲ್ಲಿ ಒಂದು ವರ್ಷ ನಾನು ಆಫೀಸಿಗೆ ಹೋಗಿದ್ದೆ. ಮನೆಗೆಲಸಕ್ಕೆ ಬರುವ ತಾಈ ಬಾಲ್ಕನಿಯ ಎರಡು ಕುಂಡಗಳನ್ನು ತಂತಿ ಬ್ರಷ್ ಹಾಕಿ, ಬೆವರು ಸುರಿಸಿ, ಹೊಸದರ ಹಾಗೆ ಉಜ್ಜಿಟ್ಟಿದ್ದರು. ಎರಡು ಮಳೆಗಾಲದ ಹಸಿರು ಮೋರಿಯಲ್ಲಿ ಹೋಗಿತ್ತು. ಅವರ ತಪ್ಪಲ್ಲ, ನಾನು ಹೇಳಿರಲಿಲ್ಲ. ಈಗ ನವರಾತ್ರಿಯಲ್ಲೇ ಹೇಳಿಡುತ್ತೇನೆ: "ಕುಂಡೀ ಘಾಸೂ ನಕಾ, ತಾಈ." ಕುಂಡ ಉಜ್ಜಬೇಡಿ ಅಕ್ಕಾ, ಅಂತ.